ಒಂಬತ್ತಕ್ಕಿಂತ ಸಣ್ಣ ಹತ್ತು

ರಾಣೆಬೆನ್ನೂರಿನ ದ್ರಾಕ್ಷಾಯಿಣಿಗೆ ಎಣಸೋ ಚಟ ಇತ್ತು. ಸಣ್ಣ ಚಟ ಅಲ್ಲ ಮತ್ತ. ಮನಿ ಮೆಟ್ಟಲ ಹನ್ನೊಂದು, ಬಸ್‌ಸ್ಟ್ಯಾಂಡಿನಿಂದ ಬೀಜದ ಕಂಪನಿ ಗೇಟಿನ ತನಕ ಒಂಬೈನೂರಾ ನಲವತ್ತು ಹೆಜ್ಜಿ, ಗಂಡ ಡಾಕಪ್ಪ ಒಂದು ಕಪ್ ಚಾ ಕುಡಿಯೋದ್ರೊಳಗ ಸುರ್ ಅನ್ನೋದು ಹದಿನಾಕು ಸಲ. ಡಾಕಪ್ಪ ರೈಲ್ವೆ ಸ್ಟೇಶನ್ ಮುಂದ ಆಟೋ ಹಚ್ಚತಿದ್ದ. "ನಮ್ಮ ಲಗ್ನದಾಗ ತಲಿ ಮ್ಯಾಲ ಬಿದ್ದ ಅಕ್ಕಿಕಾಳನೂ ಎಣಿಸ್ಯಾಳೋ ಏನೋ, ಕೇಳೋ ಧೈರ್ಯ ನನಗಿಲ್ಲ" ಅಂತ ಪ್ಯಾಸೆಂಜರ ಮುಂದ ಹೇಳಿ ನಗಸತಿದ್ದ. ಆಕಿ ಮುಂದ ಹೇಳಿದ್ರ ಆಕಿ ಸುಮ್ಮನ ಇರತಿದ್ಲು. ಎಣಿಸಿಲ್ಲ ಅಂತ ಮಾತ್ರ ಒಮ್ಮೆನೂ ಅನ್ನಲಿಲ್ಲ.

ಆಕಿ ಹುಟ್ಟಿದ್ದು ತುಂಗಭದ್ರಾ ದಂಡಿ ಮ್ಯಾಲಿನ ಐರಣಿಯೊಳಗ. ಪಿಯುಸಿ ಮುಗಿಸಿ ಹತ್ತೊಂಬತ್ತನೇ ವರ್ಷಕ್ಕ ಬೀಜದ ಕಂಪನಿ ಲ್ಯಾಬಿಗೆ ಸೇರಿದ್ಲು. ಕೆಲಸ ಅಂದ್ರ ಇಷ್ಟ: ಒದ್ದಿ ಮಾಡಿದ ಕಾಗದ ಹಾಸಿದ ತಟ್ಟಿಯೊಳಗ ಚಿಮಟದಿಂದ ನೂರು ಬೀಜ ಇಡೋದು. ಅಂಥಾ ತಟ್ಟಿ ನಾಕು. ಹದಿನಾಕು ದಿನ ಬಿಟ್ಟು ಎಷ್ಟು ಹುಟ್ಯಾವು ಅಂತ ಎಣಸೋದು, ನಾಕೂ ತಟ್ಟಿದು ಸರಾಸರಿ ತಗಿಯೋದು. ಮೆಣಸಿನಕಾಯಿ ಬೀಜ ನೂರಕ್ಕ ಅರವತ್ತು ಹುಟ್ಟಿದ್ರ ಪಾಸು, ಅದಕ್ಕಿಂತ ಕಡಿಮಿ ಆದ್ರ ಆ ಬೀಜ ಯಾರ ಹೊಲಕ್ಕೂ ಹೋಗಬಾರದು. ಇಪ್ಪತ್ತು ವರ್ಷ ಆಕಿ ಇದನ್ನ ಮಾಡಿದ್ಲು. ಬ್ಯಾಸರ ಆಗಂಗಿಲ್ಲೇನು ಅಂತ ಕೇಳಿದ್ರ, "ಯಾವ ಬೀಜಾನೂ ನಿನ್ನೆ ಎಣಿಸಿದ್ದಲ್ಲಲ್ಲಾ" ಅಂತಿದ್ಲು.

ಮೂವತ್ತೈದು ದಾಟಿದ ಮ್ಯಾಲ ಆಕಿಗೆ ಕಂಪ್ಯೂಟರ್ ಹುಚ್ಚು ಹಿಡೀತು. ಬಸ್‌ಸ್ಟ್ಯಾಂಡ್ ಎದುರಿನ ಕ್ಲಾಸಿಗೆ ಸಂಜಿ ಮುಂದ ಹೋಗಿ, ಕಾಲೇಜ್ ಹುಡುಗ್ಯಾರ ನಡುವ ಕುಂತು ಪ್ರೋಗ್ರಾಂ ಬರಿಯೋದು ಕಲತ್ಲು. ಡಾಕಪ್ಪ ಯಾರದೋ ಹಳೇ ಕಂಪ್ಯೂಟರ್ ಆಟೋದಾಗ ಹೇರಿಕೊಂಡು ಬಂದು ಮನ್ಯಾಗ ಇಟ್ಟ. ಎರಡು ವರ್ಷ ತಿಣುಕಾಡಿ ಆಕಿ ಒಂದು ತಂತ್ರಾಂಶ ಮಾಡಿದ್ಲು. ಹೆಸರು 'ಮೊಳಕೆ'. ನಾಕು ತಟ್ಟಿಯ ಅಂಕಿ ಕೊಟ್ರ ಪಾಸೋ ನಪಾಸೋ ಅಂತ ಅಚ್ಚ ಕನ್ನಡದಾಗ ಹೇಳತಿತ್ತು. ದೊಡ್ಡ ಕಂಪನಿಯವ್ರಿಗೆ ಅಂಥಾದ್ದು ಬ್ಯಾಡಾಗಿತ್ತು. ಬ್ಯಾಡಗಿ, ಹಾವೇರಿ ಕಡೆ ಎರಡು ಮೂರು ಎಕರೆದಾಗ ಬೀಜ ಬೆಳದು ತಾವೇ ಚೀಲ ಕಟ್ಟೋ ಮಂದಿ ಇದ್ರಲ್ಲ, ಅವರಿಗೆ ಬೇಕಾಗಿತ್ತು. ಆಕಿ ಅದನ್ನ ಎಲ್ಲಾರಿಗೂ ಪುಕ್ಕಟೆ ಕೊಟ್ಲು. "ಎಣಸೋದನ್ನ ಯಾರರ ಮಾರತಾರೇನು?" ಅಂತ ಆಕಿ ವಾದ.

ಪುಕ್ಕಟೆ ಕೊಡೋದಕ್ಕೂ ಒಂದು ರೀತಿ ಐತಿ ಅಂತ ಕಲಿಸಿದಾಂವ ಹಾವೇರಿಯ ಪ್ರವೀಣಕುಮಾರ. ಕಾಲೇಜಿನ್ಯಾಗ ಕಂಪ್ಯೂಟರ್ ಮೇಷ್ಟ್ರು, ಆಕಿಗಿಂತ ಹತ್ತು ವರ್ಷ ಸಣ್ಣಾಂವ, ಭಾಳ ಹುರುಪಿನ ಮನಷ್ಯಾ. ಪ್ರೋಗ್ರಾಮಿನ ಒಳಗಿನ ಬರವಣಿಗೀನೂ ಬಿಚ್ಚಿಟ್ಟು, ಯಾರು ಬೇಕಾದ್ರೂ ನೋಡಲಿ, ತಿದ್ದಲಿ, ಹಂಚಲಿ ಅಂತ ಬಿಡೋದಕ್ಕ ಮುಕ್ತ ತಂತ್ರಾಂಶ ಅಂತಾರ ಅಂತ ತಿಳಿಸಿ, 'ಮೊಳಕೆ'ಯನ್ನ ಇಂಟರ್‌ನೆಟ್ಟಿಗೆ ಏರಿಸಿದ. ತಿದ್ದಿದಾಗೆಲ್ಲ ಹೊಸ ನಂಬರ್ ಕೊಡಬೇಕು ಅಂತಾನೂ ಅವನ ಹೇಳಿದ. ಹಂಗ 1.0 ಆತು, 1.1 ಆತು, ಏರಿಕೋತ ಏರಿಕೋತ 1.9ಕ್ಕ ಬಂತು. "ಮುಂದ 2.0 ಏನ್ರಿ ಸರ್?" ಅಂತ ಕೇಳಿದ್ಲು ದ್ರಾಕ್ಷಾಯಿಣಿ. "ಅಲ್ರಿ ಅಕ್ಕಾರ, 1.10. ಆ ಚುಕ್ಕಿ ಪಾಯಿಂಟ್ ಅಲ್ಲ. ಎರಡು ನಂಬರ ನಡುವಿನ ಗ್ವಾಡಿ ಅಂತ ತಿಳಕೋರಿ. ಗ್ವಾಡಿ ಆಚೆ ಒಂಬತ್ತು ಆದ ಮ್ಯಾಲ ಹತ್ತು. ಜಗತ್ತೆಲ್ಲಾ ಹಿಂಗ ಬರೀತೈತಿ." ಜೀವಮಾನ ಪೂರ್ತಿ ಎಣಿಸಿದಾಕಿ, ಥಟ್ಟನ ಹೊಳೀತು. ಎಲ್ಲಾರಿಗೂ ಹಂಗ ಹೊಳೀತೈತಿ ಅಂತ ಅಂದ್ಕೊಂಡ್ಲು ನೋಡ್ರಿ, ಅಲ್ಲೇ ಕೆಟ್ಟಿದ್ದು.

ಎರಡು ಸಾವಿರದ ಆರನೇ ಇಸವಿ ಮಾರ್ಚಿನೊಳಗ 1.9ರಾಗ ಆಕೀಗೇ ಒಂದು ತಪ್ಪು ಸಿಕ್ತು. ಒಂದು ತಟ್ಟಿಯೊಳಗ ಒಂದೂ ಬೀಜ ಹುಟ್ಟಲಿಲ್ಲ ಅಂತ ಸೊನ್ನಿ ಬರದ್ರ, ಪ್ರೋಗ್ರಾಂ ಅದನ್ನ ಖಾಲಿ ಜಾಗಾ ಅಂತ ತಿಳದು, ಉಳಿದ ಮೂರು ತಟ್ಟಿದಷ್ಟ ಸರಾಸರಿ ತಗೀತಿತ್ತು. ಅಂಥಾ ಸೊನ್ನಿ ಅಪರೂಪ, ಇನ್ನೂ ಯಾರಿಗೂ ಬಂದಿರಲಿಕ್ಕಿಲ್ಲ ಅಂತ ತನಗ ತಾನ ಸಮಾಧಾನ ಹೇಳಿಕೊಂಡು ಏಪ್ರಿಲಿನ್ಯಾಗ ತಿದ್ದಿ 1.10 ಮಾಡಿದ್ಲು. ಇಂಟರ್‌ನೆಟ್ ಇಲ್ಲದ ಇಪ್ಪತ್ತೆರಡು ಮಂದಿಗೆ ಅಂಚೆಯೊಳಗ ಸಿ.ಡಿ. ಕಳಿಸಿದ್ಲು. ಹೊಸಾದು ಹಳೇ ಮಷಿನ್ಯಾಗ ನಡೀದಿದ್ರ ಇರಲಿ ಅಂತ ಅದರಾಗ 1.9ನೂ ಇಟ್ಲು. ಕೂಡ ಒಂದು ಚೀಟಿ: "ಸಣ್ಣ ತಿದ್ದುಪಡಿ ಮಾಡಿದೆ. ಯಾವುದರ ನಂಬರ್ ದೊಡ್ಡದೋ ಅದನ್ನು ಹಾಕಿಕೊಳ್ಳಿ."

ಸಣ್ಣ ತಿದ್ದುಪಡಿ. ತಪ್ಪು ಅಂತ ಬರಿಯಾಕ ಆಕಿಗೆ ನಾಚಿಕಿ ಬಂದಿತ್ತು, ಖರೇ ಹೇಳಬೇಕಂದ್ರ.

ಜೂನ್ ಹನ್ನೆರಡಕ್ಕ ಬ್ಯಾಡಗಿಯಿಂದ ಮೈಲಾರೆಪ್ಪನ ಫೋನ್ ಬಂತು. ಮೈಲಾರೆಪ್ಪ ಮೂವತ್ತು ವರ್ಷ ಮೆಣಸಿನಕಾಯಿ ಮಾರ್ಕೆಟ್ಟಿನ್ಯಾಗ ತೂಕ ಮಾಡಿದಾಂವ. ಈಗ ಎರಡು ಎಕರೆದಾಗ ಬೀಜ ಬೆಳೀತಿದ್ದ. ಮಾತು ಕಡಿಮಿ. "ಯವ್ವಾ, ನಿನ್ನ ಮಷಿನ್ ಪಾಸ್ ಅಂದ ಬೀಜ ಹುಟ್ಟಲಿಲ್ಲ" ಅಂದ, ಫೋನ್ ಇಟ್ಟ. ದ್ರಾಕ್ಷಾಯಿಣಿ ಅವತ್ತ ರಜಾ ಹಾಕಿ ಬಸ್ ಹತ್ತಿದ್ಲು. ದಾರ್ಯಾಗ ಏನೂ ಎಣಿಸಲಿಲ್ಲ.

ಮೈಲಾರೆಪ್ಪ ಪಡಸಾಲ್ಯಾಗ ಕುಂತಿದ್ದ. ಬರ್ರಿ ಅನ್ನಲಿಲ್ಲ, ಚಾಪಿ ಸರಿಸಿದ. ಅವನ ನೋಟ್‌ಬುಕ್ಕಿನ್ಯಾಗ ಸ್ವಚ್ಛ ಅಕ್ಷರದಾಗ ಬರದಿತ್ತು: ಎಪ್ಪತ್ತು, ಎಪ್ಪತ್ತೆರಡು, ಸೊನ್ನಿ, ಅರವತ್ತೆಂಟು. ಅವನ ಪದ್ಧತಿ ಹಂಗ, ಒಂದೊಂದು ಚೀಲಕ್ಕ ಒಂದೊಂದು ತಟ್ಟಿ. ಮೂರನೇ ಚೀಲ ಮಳಿ ಸೋರೋ ಮೂಲ್ಯಾಗ ಇತ್ತು, ಬೀಜ ಸತ್ತಿದ್ವು. ನಾಕೂ ಕೂಡಿಸಿ ಭಾಗಿಸಿದ್ರ ಐವತ್ತೆರಡೂವರಿ, ನಪಾಸು. ಮಷಿನ್ ಎಪ್ಪತ್ತು ಅಂದಿತ್ತು.

"ಮೂರನೇ ತಟ್ಟ್ಯಾಗ ಒಂದೂ ಹುಟ್ಟಿಲ್ಲ ಅಂತ ಕಣ್ಣಿಲೆ ಕಂಡಿರೇನು, ಅಣ್ಣಾರ?"

"ಕಂಡೇನಿ. ಆದ್ರ ಮಷಿನ್ ಪಾಸ್ ಅಂತಲ್ಲ. ಕಾಗದ ಒಣಗಿತ್ತೋ ಏನೋ, ಕಲತದ್ದಕ್ಕ ನನಗಿಂತ ಚಲೋ ಗೊತ್ತಿರತೈತಿ ಅಂದ್ಕೊಂಡೆ."

ದ್ರಾಕ್ಷಾಯಿಣಿ ಕಂಪ್ಯೂಟರ್ ಚಾಲೂ ಮಾಡಿ ನೋಡಿದ್ಲು. ಒಳಗಿದ್ದದ್ದು 1.9. "ಹೊಸಾದು ಯಾಕ ಹಾಕ್ಕೊಳ್ಳಲಿಲ್ರಿ? ದೊಡ್ಡ ನಂಬರ ಹಾಕ್ಕೋರಿ ಅಂತ ಬರದಿದ್ದೆನಲ್ಲ?"

ಮೈಲಾರೆಪ್ಪ ಎದ್ದು ಗ್ವಾಡಿ ಮಾಡದಾಗಿಂದ ಆ ಚೀಟಿ ತಂದು ಆಕಿ ಮುಂದ ಇಟ್ಟ. "ನೀ ಬರದಂಗ ಮಾಡೇನಿ ನೋಡವ್ವಾ. ಒಂದು ಪಾಯಿಂಟ್ ಒಂಬತ್ತು ಅಂದ್ರ ಕಾಂಟಾದ ಮ್ಯಾಲ ಒಂದು ಕಿಲೋ ಒಂಬೈನೂರು ಗ್ರಾಂ. ಒಂದು ಪಾಯಿಂಟ್ ಹತ್ತು ಅಂದ್ರ ಒಂದು ಕಿಲೋ ನೂರು ಗ್ರಾಂ. ಯಾವುದು ದೊಡ್ಡದು, ನೀನ ಹೇಳು. ನಿನ್ನ ಸಿ.ಡಿ.ಯೊಳಗನೂ ಸಣ್ಣದು ಮೊದಲ ಅಂತ ಹತ್ತು ಮ್ಯಾಲ ಐತಿ, ಒಂಬತ್ತು ಅದರ ಕೆಳಗ ಐತಿ."

ಆಕಿ ನೋಡಿದ್ಲು. ಖರೇನ, ಕಂಪ್ಯೂಟರೂ ಹಂಗ ಜೋಡಿಸಿತ್ತು. ಮೂವತ್ತು ವರ್ಷ ತೂಕ ಮಾಡಿದ ಮನಷ್ಯಾಗ ಯಾವುದು ದೊಡ್ಡದು ಅಂತ ಕೇಳಿದಾಕಿ ತಾನು. ಅಂವ ಸರಿಯಾಗೇ ಉತ್ತರ ಕೊಟ್ಟಿದ್ದ.

"ಆ ಮೂರನೇ ಚೀಲದ ಬೀಜ ಯಾರಿಗೆ ಹೋತ್ರಿ?"

ಮೈಲಾರೆಪ್ಪ ನೋಟ್‌ಬುಕ್ ಮುಚ್ಚಿದ. ಆಮ್ಯಾಲ ಹೇಳಿದ. ಅಗಡಿಯೊಳಗ ಅವನ ಅಕ್ಕ ಮುತ್ತವ್ವ ಇದ್ಲು. ಗಂಡ ಸತ್ತು ಹದಿನೆಂಟು ವರ್ಷ, ಸ್ವಂತ ಒಂದೆಕರೆ ಹೊಲ ತಾನ ಮಾಡತಿದ್ಲು. ಗಂಡನ್ನ ಕಳಕೊಂಡ ವರ್ಷದಿಂದ ಮೈಲಾರೆಪ್ಪ ಪ್ರತಿ ಸಲ ಬಿತ್ತೋದಕ್ಕಿಂತ ಮೊದಲ ಹೋಗಿ ಆಕಿ ಉಡಿಯೊಳಗ ಬೀಜ ಹಾಕಿ ಬರತಿದ್ದ. ಗಂಡ ಇಲ್ಲದಾಕಿಗೆ ಯಾರೂ ಉಡಿ ತುಂಬಂಗಿಲ್ಲ. ಕುಪ್ಪಸ, ಕಾಯಿ ಕೊಟ್ರ ಮಂದಿ ಆಡಿಕೋತಾರ. ಬೀಜಕ್ಕ ಯಾರು ಏನಂತಾರ ಅಂತ ಅಂವ ಹಟಕ್ಕ ಬಿದ್ದು ಸುರು ಮಾಡಿದ್ದ. ಹದಿನೆಂಟು ವರ್ಷ ಆ ಬೀಜ ಹುಟ್ಟಿದ್ವು. ಈ ಸಲ ಸಸಿ ಮಡಿ ಬೋಳು ಉಳೀತು. "ಆಕಿ ಏನೂ ಅಂದಿಲ್ಲ. ಒಂದು ಮಾತ ಬೈದಿದ್ರ ಚಲೋ ಇತ್ತು" ಅಂದ ಮೈಲಾರೆಪ್ಪ. ಅವನ ಕಣ್ಣಾಗ ನೀರು ಬಂದಿದ್ವು, ಒರಸಿಕೊಳ್ಳಲಿಲ್ಲ.

ಮರುದಿನ ಇಬ್ಬರೂ ಹಾವೇರಿ ಮ್ಯಾಲೆ ಹಾದು ಅಗಡಿಗೆ ಹೋದ್ರು. ಮೈಲಾರೆಪ್ಪ ಎರಡನೇ ಚೀಲದ ಬೀಜ, ಎಪ್ಪತ್ತೆರಡು ಹುಟ್ಟಿದ್ದು, ಒಂದು ಗಂಟು ಕಟ್ಟಿ ತಂದಿದ್ದ. ಮುತ್ತವ್ವ ಹಿತ್ತಲಾಗ ಬೋಳು ಮಡಿ ಬಾಜೂಕ ಕುಂತು ಕಳೆ ಕೀಳತಿದ್ಲು. ಹುಟ್ಟಿದ್ದು ಕಳೆ ಅಷ್ಟ. ದ್ರಾಕ್ಷಾಯಿಣಿ ಮಣ್ಣಾಗ ಕುಂತು ಎಲ್ಲಾ ಹೇಳಿದ್ಲು: ಸೊನ್ನಿ, ಮೂರು ತಟ್ಟಿ, ಚೀಟಿ, ಸಣ್ಣ ತಿದ್ದುಪಡಿ ಅಂತ ಬರದು ತಪ್ಪು ಮುಚ್ಚಿಟ್ಟಿದ್ದು. "ನಿಮ್ಮ ತಮ್ಮಂದು ತಪ್ಪಿಲ್ರಿ ಅವ್ವಾರ. ನಿಮ್ಮ ದೈವದ್ದೂ ಅಲ್ಲ. ನಂದು" ಅಂದ್ಲು.

ಮುತ್ತವ್ವ ಪೂರಾ ಕೇಳಿದ್ಲು. ಆಕಿಗೆ ಓದು ಬರತಿದ್ದಿಲ್ಲ, ಕಂಪ್ಯೂಟರ್ ಕಂಡಾಕಿ ಅಲ್ಲ. "ಒಂದು ಹಳೇದು, ಒಂದು ಹೊಸಾದು, ಹೌದಲ್ಲ?" ಅಂದ್ಲು.

"ಹೌದ್ರಿ."

"ಮತ್ತ ದೊಡ್ಡದ್ಯಾವುದು ಅಂತ ಯಾಕ ಕೇಳಿದಿ? ಯಾವಾಗಿಂದು ಅಂತ ಕೇಳಬೇಕಿಲ್ಲೇನು? ಬೀಜಕ್ಕ ನಾವು ಕೇಳೋದು ಅದನ್ನ. ಹೊಸಾದು ಯಾವ ಮಳ್ಯಾಗ ಮಾಡೀದಿ?"

ದ್ರಾಕ್ಷಾಯಿಣಿ ಲೆಕ್ಕಾ ಹಾಕಿದ್ಲು. "ಅಶ್ವಿನಿ ಮಳಿ ಹೊತ್ತಿಗೆ ಅನ್ರಿ."

"ಹಂಗ ಬರದಿದ್ರ ಇವನಿಗೆ ತಿಳೀತಿದ್ದಿಲ್ಲೇನು? ನಾ ರೋಹಿಣಿ ಎರಡನೇ ಪಾದದಾಗ ಬೀಜ ಹಾಕೇನಿ. ಮಿರಗ ಮಳಿ ಕೂಡೋದ್ರಾಗ ಹುಟ್ಟಬೇಕಿತ್ತು, ಹುಟ್ಟಲಿಲ್ಲ. ಇದಕ್ಕ ನನಗ ಶಾಲಿ ಬೇಕಾಗಲಿಲ್ಲ."

ಮೈಲಾರೆಪ್ಪ ಗಂಟು ಬಿಚ್ಚಿ ಮುಂದ ಹಿಡದ. ಮುತ್ತವ್ವ ಕೈ ಝಾಡಿಸಿ ಎದ್ದು ನಿಂತ್ಲು, ಸೆರಗು ಮಾತ್ರ ಬಿಚ್ಚಲಿಲ್ಲ. "ಈ ವರ್ಷ ಬ್ಯಾಡೋ ತಮ್ಮಾ. ಸಸೀನ ಯಾರ ಕಡೆಯಿಂದರ ತಂದು ಹಚ್ಚತೇನಿ. ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಉಡಿಯೊಳಗ ಹಾಕಿಸಿಕೊಂಡಿದ್ದು ಇನ್ನೊಮ್ಮೆ ಹುಟ್ಟಲಿಲ್ಲ ಅಂದ್ರ ನನಗ ತಡಕೊಳ್ಳಾಕ ಆಗಂಗಿಲ್ಲ." ಮೈಲಾರೆಪ್ಪ ಗಂಟು ತಿರುಗಿ ಕಟ್ಟಿದ. ಗಂಟು ಕಟ್ಟಾಕ ಅವನಿಗೆ ಭಾಳ ಹೊತ್ತು ಹಿಡೀತು.

ಅವತ್ತಿನಿಂದ ದ್ರಾಕ್ಷಾಯಿಣಿ ಸಿ.ಡಿ. ಕಳಿಸಿದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಹಚ್ಚಿದ್ಲು. ಇಪ್ಪತ್ತೆರಡು ಮಂದಿಯೊಳಗ ಹದಿನೇಳು ಮಂದಿ 1.9ನ್ನ ಇಟ್ಟುಕೊಂಡಿದ್ರು, ಎಲ್ಲಾರೂ ಅದನ್ನ ದೊಡ್ಡದು ಅಂತಾನ ತಿಳಿದಿದ್ರು. ಪುಣ್ಯಾಕ ಬ್ಯಾರೆ ಯಾರಿಗೂ ಸೊನ್ನಿ ಬಂದಿದ್ದಿಲ್ಲ. "ಸೊನ್ನಿ ಬಂದ್ರ ಮಷಿನ್ ಮಾತ ಕೇಳಬ್ಯಾಡ್ರಿ, ಹೊಸಾದು ಕಳಸತೇನಿ" ಅಂತ ಹದಿನೇಳು ಸಲ ಹೇಳಿದ್ಲು. ಡಾಕಪ್ಪ ಚಾ ತಂದು ಬಾಜೂಕ ಇಡತಿದ್ದ, ಒಂದು ಚ್ಯಾಷ್ಟಿ ಮಾತನೂ ಆಡಲಿಲ್ಲ. ಅದರಿಂದಾನ ಆಕಿಗೆ ಪರಿಸ್ಥಿತಿ ಎಷ್ಟು ಕೆಟ್ಟದೈತಿ ಅಂತ ಗೊತ್ತಾತು.

1.10ನ್ನ ತಿರುಗಿ ಕಳಸಬೇಕಂದ್ರ ಅದಕ್ಕ ಏನ ನಂಬರ ಕೊಡೋದು ಅಂತ ಪ್ರವೀಣಕುಮಾರನ ಕೂಡ ಕುಂತಾಗ ಜಗಳಾನ ಆತು. ಅಂವ ಹೇಳಿದ್ದು ಸರಳ: "2.0 ಅನ್ರಿ ಅಕ್ಕಾರ. ತಕ್ಕಡಿಗೂ ದೊಡ್ಡದು, ಜಗತ್ತಿಗೂ ದೊಡ್ಡದು. ಮುಗೀತು."

"ಎರಡು ಅಂದ್ರ ಏನೋ ಹೊಸಾದು ಬಂದೈತಿ ಅಂತ ಮಂದಿ ತಿಳಕೋತಾರಂತ ನೀವ ಕಲಿಸಿದ್ರಿ. ಇದರಾಗ ಹೊಸಾದು ಏನೈತ್ರಿ ಸರ್? ತಪ್ಪು ತಗದೇನಿ ಅಷ್ಟ. ಒಮ್ಮೆ ಸಣ್ಣದು ಅಂತ ಸುಳ್ಳು ಬರದೆ. ಈಗ ದೊಡ್ಡದು ಅಂತ ಸುಳ್ಳು ಬರೀಲೇನು?"

"ಮತ್ತ ಏನ ಬರೀತೀರಿ?"

"೨೦೦೬ ಆರಿದ್ರಾ."

ಪ್ರವೀಣಕುಮಾರ ನಕ್ಕ. ಆಮ್ಯಾಲ ಆಕಿ ಮಾರಿ ನೋಡಿ ನಗೋದು ಬಿಟ್ಟ. ಮಳಿ ಹೆಸರು ಕಂಪ್ಯೂಟರಿಗೆ ಏನ ತಿಳೀತೈತಿ, ಯಾವುದು ಮೊದಲ ಯಾವುದು ಹಿಂದ ಅಂತ ಅದು ಹೆಂಗ ಜೋಡಿಸಬೇಕು ಅಂತ ಕೇಳಿದ. ಒಳಗ ನಿಮ್ಮ ನಂಬರ ಇರಲಿ, ಮಂದಿ ಕಣ್ಣಿಗೆ ಕಾಣೋದು ಮಳಿ ಇರಲಿ ಅಂದ್ಲು. ಒಂದು ಮಳ್ಯಾಗ ಎರಡು ತಪ್ಪು ಸಿಕ್ಕರ ಏನ ಮಾಡತೀರಿ ಅಂದ. "ಮಳಿಗೆ ನಾಕು ಪಾದ ಅದಾವಲ್ರಿ. ಆರಿದ್ರಾ ಎರಡನೇ ಪಾದ ಅಂತ ಬರೀತೇನಿ. ನಾಕೂ ಪಾದದಾಗ ತಪ್ಪು ಸಿಕ್ಕಿದ್ರ ನಾ ಪ್ರೋಗ್ರಾಂ ಬರಿಯೋದು ಬಿಟ್ಟು ಆಟೋ ಒರಸತೇನಿ." ಹೊರಗಿನ ಮಂದಿ ನೋಡಿದ್ರ ಏನಂತಾರ ಅಂತ ಅವನ ಚಿಂತಿ. ಹೊರಗಿನ ಎಷ್ಟು ಮಂದಿ ಇದನ್ನ ಬಳಸತಾರ ಅಂತ ಆಕಿ ಕೇಳಿದ್ಲು. ಅಂವ ಲೆಕ್ಕಾ ನೋಡಿ ಹೇಳಿದ, ನಾಕು ಮಂದಿ.

ಹೊಂದಿಕೊಂಡಿದ್ದು ಹಿಂಗ: ಇಂಟರ್‌ನೆಟ್ಟಿನ್ಯಾಗ 1.11, ಸಿ.ಡಿ. ಮ್ಯಾಲ ಮತ್ತ ಪ್ರೋಗ್ರಾಂ ತೆರೆದ ಕೂಡಲೆ ಕಾಣೋ ಪರದೆ ಮ್ಯಾಲ '೨೦೦೬ ಆರಿದ್ರಾ'. ಇದು ಅಷ್ಟು ಚಂದದ ಹೊಂದಿಕಿ ಅಲ್ಲ, ಇಬ್ಬರಿಗೂ ಪೂರಾ ಸಮಾಧಾನ ಇರಲಿಲ್ಲ. ಹಳೇದನ್ನ ಸಿ.ಡಿ.ಯೊಳಗ ಇಡಲಿಲ್ಲ. ಚೀಟಿ ಮಾತ್ರ ದ್ರಾಕ್ಷಾಯಿಣಿ ಒಬ್ಬಾಕೀನ ಬರದ್ಲು: "ಹಿಂದಿನ 1.9ರಲ್ಲಿ ತಪ್ಪಿತ್ತು. ಒಂದು ತಟ್ಟೆಯಲ್ಲಿ ಒಂದೂ ಬೀಜ ಹುಟ್ಟದಿದ್ದರೆ ಆ ತಟ್ಟೆಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದರಿಂದ ಅಗಡಿಯ ಮುತ್ತವ್ವನವರ ಒಂದು ಮಡಿ ಸಸಿ ಹೋಯಿತು. ತಪ್ಪು ನನ್ನದು. ತಟ್ಟೆಯನ್ನು ಮೊದಲು ಕಣ್ಣಿನಿಂದ ನೋಡಿ, ಆಮೇಲೆ ಇದನ್ನು ಕೇಳಿ. ದ್ರಾಕ್ಷಾಯಿಣಿ, ರಾಣೆಬೆನ್ನೂರು." ತಪ್ಪು ಅಂತ ಇಷ್ಟು ಬಿಚ್ಚಿ ಯಾರೂ ಬರಿಯಂಗಿಲ್ಲ ಅಕ್ಕಾರ ಅಂದ ಪ್ರವೀಣಕುಮಾರ. ಆದ್ರ ಇಂಟರ್‌ನೆಟ್ಟಿಗೆ ಏರಿಸೋವಾಗ ಒಂದು ಅಕ್ಷರಾನೂ ತಗೀಲಿಲ್ಲ.

ಆರಿದ್ರಾ ಮಳಿ ಕೂಡಿದ ಮೂರನೇ ದಿನ ಸಿ.ಡಿ. ಹೋದ್ವು. ಆ ವರ್ಷ ಪುಷ್ಯ ಮಳ್ಯಾಗ ಒಂದು, ಚಿತ್ತಾದಾಗ ಇನ್ನೊಂದು ಆತು. ಯಾವುದು ಹೊಸಾದು ಅಂತ ಯಾರೂ ಫೋನ್ ಮಾಡಿ ಕೇಳಲಿಲ್ಲ. ಮೈಲಾರೆಪ್ಪಗನೂ ಕಳಿಸಿದ್ಲು, ಅಂವ ಸಿಕ್ಕೈತಿ ಅಂತಾನೂ ಹೇಳಲಿಲ್ಲ, ಇಲ್ಲ ಅಂತಾನೂ ಹೇಳಲಿಲ್ಲ. ಮುತ್ತವ್ವ ಅಂದಂಗ ಬ್ಯಾರೆಯವರ ಸಸಿ ತಂದು ಹಚ್ಚಿದ್ಲು, ತಡಾ ಆಗಿ ಅರ್ಧ ಬೆಳಿ ಬಂತು. ದ್ರಾಕ್ಷಾಯಿಣಿ ಅದನ್ನ ಕೇಳಿಕೊಂಡಿದ್ಲು, ಮರೀಲಿಲ್ಲ.

ಮರು ವರ್ಷ ಮೇ ತಿಂಗಳದಾಗ ಮೈಲಾರೆಪ್ಪನ ಫೋನ್ ಬಂತು. "ನಿನ್ನ ಮಷಿನಿಂದು ಕೃತ್ತಿಕಾ ಹಾಕ್ಕೊಂಡೇನಿ. ಹಳೇ ಭರಣಿ ತಗದೇನಿ. ನಾಳೆ ಅಗಡಿಗೆ ಹೊಂಟೇನಿ, ಬಾ" ಅಂದ. ಡಾಕಪ್ಪ ತಾನ ಆಟೋ ತಗದ. ಹಾವೇರಿ ತನಕ ಆಟೋದಾಗ ಹೋಗೋದು ಹುಚ್ಚುತನ ಅಂತ ಆಕಿ ಅಂದ್ರೂ ಕೇಳಲಿಲ್ಲ, ದಾರಿ ತುಂಬ ಹಾಡಿಕೋತ ಹೊಡದ.

ಮುತ್ತವ್ವನ ಹಿತ್ತಲಾಗ ಮಡಿ ಹದಾ ಮಾಡಿ ಇಟ್ಟಿತ್ತು. ಮೈಲಾರೆಪ್ಪ ಗಂಟು ಬಿಚ್ಚಿ ಹಿಡಕೊಂಡು ನಿಂತ. ಮುತ್ತವ್ವ ಒಂದು ಕಾಳು ಹಲ್ಲಿನ ನಡುವ ಇಟ್ಟು ಕಡದು ನೋಡಿದ್ಲು.

"ಕಣ್ಣಿಲೆ ನೋಡಿಯೇನೋ?"

"ನೋಡೇನಿ ಅಕ್ಕಾ. ನಾಕೂ ತಟ್ಟಿ. ಒಂದು ಚೀಲ ನನಗ ಸೇರಲಿಲ್ಲ, ಬಾಜೂಕ ಇಟ್ಟೆ. ಆಮ್ಯಾಲ ಇಕಿ ಮಷಿನ್ ಕೇಳಿದೆ. ಅದೂ ಆ ಚೀಲ ಹಿಡದ್ರ ನಪಾಸು, ಬಿಟ್ರ ಪಾಸು ಅಂತು."

ಮುತ್ತವ್ವ ದ್ರಾಕ್ಷಾಯಿಣಿ ಕಡೆ ತಿರುಗಿದ್ಲು. "ನಿಂದು ಯಾವ ಮಳೀದು ಈಗ?"

"ಕೃತ್ತಿಕಾದ್ದು ಅವ್ವಾರ, ಮೊದಲನೇ ಪಾದ."

"ಹೊಸಾದು ಐತಿ ಹಂಗಾರ" ಅಂದ್ಲು ಮುತ್ತವ್ವ. ಸೆರಗಿನ ತುದಿ ಸೊಂಟದಿಂದ ಬಿಚ್ಚಿ, ಎರಡೂ ಕೈಲೆ ಅಗಲ ಮಾಡಿ ತಮ್ಮನ ಮುಂದ ಹಿಡದ್ಲು. ಮೈಲಾರೆಪ್ಪ ಬೀಜ ಸುರದ. ದ್ರಾಕ್ಷಾಯಿಣಿ ಎಣಸಾಕ ಹೋಗಲಿಲ್ಲ, ಕಣ್ಣ ತುಂಬಿ ಕಾಳ ಕಾಣತಿದ್ದಿಲ್ಲ.